ಮಖಮಲ್ಲಿಯ ಹೊಟ್ಟೆಯ ಮೇಲೆ ಕೂದಲು

ಕುಷನ್ ಅಂಗಡಿಯ ಹಿಂದಿನ ಕೋಣೆ,
ತಾರೀಖು ಹನ್ನೊಂದು, ಬುಧವಾರ, ಊಟಕ್ಕೆ ಮುಂಚೆ

ಪ್ರೀತಿಯ ತಮ್ಮನಿಗೆ ಅಣ್ಣ ಬರೆಯುವುದು,

ಹೇಗಿದ್ದೀಯ? ಸಕ್ಕರೆ ಎಷ್ಟಿದೆ? ಎಡಗಾಲಿನ ಹೆಬ್ಬೆರಳ ಗಾಯ ಒಣಗಿತೋ ಇಲ್ಲವೋ? ತಂಗಿಯನ್ನು ಫೋನಿನಲ್ಲಿ ಕೇಳಿದರೆ "ಚೆನ್ನಾಗಿದ್ದಾನೆ" ಅನ್ನುತ್ತಾಳೆ. ಅವಳ ಲೆಕ್ಕದಲ್ಲಿ ಸತ್ತವರನ್ನು ಬಿಟ್ಟು ಉಳಿದವರೆಲ್ಲ ಚೆನ್ನಾಗಿಯೇ ಇರುತ್ತಾರೆ, ಅದನ್ನು ನಂಬಿ ಕೂರುವುದು ಹೇಗೆ. ನೀನಂತೂ ಫೋನಿಗೆ ಬರುವುದಿಲ್ಲ. ಮೊನ್ನೆ ನಾನು ಮಾತಾಡುವಾಗ ನೀನು ಪಕ್ಕದಲ್ಲೇ ಕೆಮ್ಮಿದ್ದು ನನಗೆ ಕೇಳಿಸಿತು. ಆದ್ದರಿಂದ ಬರೆಯುತ್ತಿದ್ದೇನೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ನಿಧಾನವಾಗಿ ಓದು. ಸಿಟ್ಟು ಬಂದರೆ ಕೆಳಗಿಟ್ಟು ಒಂದು ಲೋಟ ನೀರು ಕುಡಿದು ಮತ್ತೆ ಓದು. ಹರಿಯಬೇಡ. ಹರಿಯುವುದಿದ್ದರೆ ಪೂರ್ತಿ ಓದಿದ ಮೇಲೆ ಹರಿ.

ನಾನು ಇದ್ದೇನೆ. ಮೊಣಕಾಲು ಹಾಗೇ ಇದೆ, ಕೂತರೆ ಏಳಲು ಬಿಡುವುದಿಲ್ಲ, ಎದ್ದರೆ ಕೂರಲು ಬಿಡುವುದಿಲ್ಲ. ಈ ಕಾಗದಕ್ಕೆ ಕೂತ ಮೇಲೆ ಮೂರು ಸಲ ಎದ್ದು ನಮ್ಮ ಬೆಕ್ಕು ಮಖಮಲ್ಲಿಯನ್ನು ನೋಡಿಕೊಂಡು ಬಂದೆ. ಮಲಗಿದೆ. ನೆಕ್ಕುತ್ತಿಲ್ಲ. ಆದರೂ ನಾನು ಬೆನ್ನು ತಿರುಗಿಸಿದ ಕೂಡಲೇ ಶುರು ಮಾಡುತ್ತದೆಯೇನೋ ಎಂದು ಅನ್ನಿಸುತ್ತದೆ. ಅಂಗಡಿಯಲ್ಲಿ ಮೂರು ಜನ ಕೂರುವ ಆ ಸೋಫಾ ಹೊದಿಕೆಯಿಲ್ಲದೆ ನಿಂತಿದೆ. ಚೌಕಟ್ಟು ಬಿಗಿ ಮಾಡಿದೆ, ಸ್ಪ್ರಿಂಗ್ ಕಟ್ಟಿದೆ, ನಾರು ತುಂಬಿದೆ. ಅಂಚಿನ ಹೊಲಿಗೆ ನಿನ್ನದು. ಬಾಗಿದ ಸೂಜಿ ಹಿಡಿದು ನಾನೇ ಒಂದು ಮೊಳ ಹಾಕಿದೆ. ಪಕ್ಕದ ಗಡಿಯಾರ ರಿಪೇರಿಯವನು ಬಂದು ನೋಡಿ, "ಇದೇನು, ಆಪರೇಷನ್ ಮಾಡಿದ್ದೀರಾ" ಅಂದ. ಬಿಚ್ಚಿಬಿಟ್ಟೆ.

ನೀನು ಹೋಗಿ ಮೂರು ತಿಂಗಳಾಯಿತು. ನಾನು ನಿನ್ನನ್ನು ಸುಳ್ಳುಗಾರ ಅಂದೆ, ನೀನು ಚೀಲಕ್ಕೆ ನಾಲ್ಕು ಬಟ್ಟೆ ತುಂಬಿಕೊಂಡು ತಂಗಿಯ ಮನೆಗೆ ಹೊರಟೆ. ಐವತ್ತು ವರ್ಷ ಒಂದೇ ಸೋಫಾದ ಆ ಕಡೆ ಒಬ್ಬ ಈ ಕಡೆ ಒಬ್ಬ ಕೂತು ಕೆಲಸ ಮಾಡಿದವರು ಒಂದು ಬೆಕ್ಕಿನ ಹೊಟ್ಟೆಯ ವಿಷಯಕ್ಕೆ ಬೇರೆಯಾದೆವು ಅಂದರೆ ಕೇಳಿದವರು ನಗುತ್ತಾರೆ. ನಗಲಿ. ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ. ಬೇಸರಪಡಬೇಡ, ಒಂದು ತುದಿಯಿಂದ ಹಿಡಿಯದಿದ್ದರೆ ನನಗೆ ಇನ್ನೊಂದು ತುದಿ ಸಿಗುವುದಿಲ್ಲ.

ಮೊದಲು ಕಂಡದ್ದು ನಿನಗೆ. ಮಖಮಲ್ಲಿಯ ಕುತ್ತಿಗೆ ಸವರುವಾಗ ಸಾಸಿವೆ ಕಾಳಿನಷ್ಟು ಹಕ್ಕಳೆಗಳು ಕೈಗೆ ತಾಗಿದವು. ಬೆನ್ನ ಮೇಲೆ, ಬಾಲದ ಬುಡದಲ್ಲಿ, ಎಲ್ಲ ಕಡೆ. ಆಮೇಲೆ ಹೊಟ್ಟೆ. ಬಹಳ ವರ್ಷ ಜನ ಕೂತೆದ್ದ ಕುರ್ಚಿಯ ಮಖಮಲ್ಲು ಸವೆದು ಕೆಳಗಿನ ನೇಯ್ಗೆ ಕಾಣುತ್ತದಲ್ಲ, ಹಾಗೆ ಬೋಳಾಗಿತ್ತು. ವಯಸ್ಸಾಯಿತು, ಕೂದಲು ಉದುರುತ್ತಿದೆ, ನನ್ನ ತಲೆ ನೋಡು, ಇದಕ್ಕೆಲ್ಲ ಡಾಕ್ಟರ್ ಯಾಕೆ ಅಂದವನು ನಾನೇ. ನೀನು ಎರಡು ದಿನ ಊಟ ಬಿಟ್ಟದ್ದಕ್ಕೆ ನಾನೇ ಅದನ್ನು ಪ್ರಾಣಿಗಳ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆ ಡಾಕ್ಟರಮ್ಮ ನಾಲ್ಕು ಕೂದಲು ಕಿತ್ತು ಸೂಕ್ಷ್ಮದರ್ಶಕದ ಕೆಳಗಿಟ್ಟು ನನ್ನನ್ನೇ ನೋಡಲು ಹೇಳಿದಳು. ಕೂದಲ ತುದಿ ಹಳೆ ಹಗ್ಗದ ತುದಿಯ ಹಾಗೆ ತುಂಡಾಗಿತ್ತು. "ಉದುರಿದ್ದಲ್ಲ, ನೆಕ್ಕಿ ನೆಕ್ಕಿ ಮುರಿದಿದ್ದು. ಅದಕ್ಕೆ ತುರಿಕೆ ಇದೆ. ತುರಿಕೆ ಯಾಕೆ ಅಂತ ನಾವು ಹುಡುಕಬೇಕು" ಅಂದಳು. ಅವತ್ತಿನಿಂದ ನನ್ನ ನೆಮ್ಮದಿ ಹೋಯಿತು. ಏನೋ ಒಂದು ಈ ಮನೆಯಲ್ಲಿದೆ, ನನ್ನ ಬೆಕ್ಕನ್ನು ತಿನ್ನುತ್ತಿದೆ, ಅದು ನನ್ನ ಕಣ್ಣಿಗೆ ಕಾಣುತ್ತಿಲ್ಲ ಅಂದರೆ ನಾನು ಹೇಗೆ ಸುಮ್ಮನೆ ಕೂರಲಿ.

ಮೊದಲ ಗುಮಾನಿ ಚಿಗಟದ ಮೇಲೆ. ನಮ್ಮ ಮನೆಯಲ್ಲಿ ಚಿಗಟ ಇಲ್ಲ ಅಂತ ಜಗಳವಾಡಿದೆ. ಡಾಕ್ಟರಮ್ಮ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿದಳು. ಕೆಂಪಾದರೆ ಅದು ಚಿಗಟದ ಹೇಲು, ಬೆಕ್ಕಿನದೇ ರಕ್ತ. ಕೆಂಪಾಗಲಿಲ್ಲ. "ನೋಡಿ, ನಾನು ಹೇಳಿರಲಿಲ್ಲವಾ" ಅಂದೆ. ಅವಳು ಜಗ್ಗಲಿಲ್ಲ. ಹೀಗೆ ನೆಕ್ಕುವ ಬೆಕ್ಕು ಚಿಗಟವನ್ನೂ ನುಂಗಿಬಿಡುತ್ತದಂತೆ, ಸೂಕ್ಷ್ಮ ಮೈಯಿನದಕ್ಕೆ ಒಂದೆರಡು ಕಡಿತವೇ ಸಾಕಂತೆ. ಮೂರು ತಿಂಗಳು ಕುತ್ತಿಗೆಗೆ ಹನಿ ಔಷಧಿ ಹಾಕಿದೆವು. ಹಳೆ ಸೋಫಾಗಳ ನಾರನ್ನೆಲ್ಲ ನೀನು ಬಿಸಿಲಿಗೆ ಹರಡಿದೆ. ಚರ್ಮ ಕೆರೆದು ಹುಳುವಿಗೆ ನೋಡಿದಳು, ದೀಪ ಹಿಡಿದು ಬೂಷ್ಟಿಗೆ ನೋಡಿದಳು. ಏನೂ ಇಲ್ಲ. ಆಮೇಲೆ, "ಮನೆಯಲ್ಲಿ ಏನಾದರೂ ಗಲಾಟೆ, ಕೂಗಾಟ ಇದೆಯಾ? ಕೆಲವು ಬೆಕ್ಕು ಮನಸ್ಸಿಗೆ ಹಚ್ಚಿಕೊಂಡು ನೆಕ್ಕುತ್ತವೆ" ಅಂತ ಕೇಳಿದಳು. ನಮ್ಮ ಮನೆಯಲ್ಲಿ ಯಾರೂ ಕೂಗುವುದಿಲ್ಲ ಎಂದು ನಾನು ಹೇಳಿದ್ದು ಹೊರಗಿನ ಬೆಂಚಿನಲ್ಲಿ ಕೂತಿದ್ದವರಿಗೂ ಕೇಳಿಸಿತಂತೆ. ಅವಳು ನಕ್ಕು, ಅದನ್ನು ಕೊನೆಗೆ ಇಟ್ಟುಕೊಳ್ಳೋಣ, ಮೊದಲು ಊಟ ನೋಡೋಣ ಅಂದಳು.

ಊಟದ ಪರೀಕ್ಷೆ ನಿನಗೆ ಗೊತ್ತೇ ಇದೆ. ಎಂಟು ವಾರ ಮೊಲದ ಮಾಂಸದ ಡಬ್ಬಿ ಮಾತ್ರ, ಹುಟ್ಟಿದಾಗಿನಿಂದ ತಿಂದಿರದ ಮಾಂಸ. ಹಾಲಿಲ್ಲ, ಮೀನಿಲ್ಲ, ತಟ್ಟೆ ನೆಕ್ಕಲು ಬಿಡುವ ಹಾಗಿಲ್ಲ. ಒಂದು ಚೂರು ಬೇರೆ ಹೋದರೂ ಎಲ್ಲ ಮೊದಲಿನಿಂದ. ಆರು ವಾರವಾದರೂ ಹೊಟ್ಟೆ ಬೋಳು, ಬೆನ್ನ ಮೇಲೆ ಹೊಸ ಹಕ್ಕಳೆ. ಯಾರೋ ಕದ್ದು ಕೊಡುತ್ತಿದ್ದಾರೆ ಎಂದು ನನ್ನ ತಲೆಯೊಳಗೆ ಕೂತಿತು. ಚಿಕ್ಕಂದಿನಲ್ಲಿ ನಿನ್ನ ಪಾಲಿನದನ್ನೆಲ್ಲ ಬೀದಿ ನಾಯಿಗೆ ಹಾಕಿ, ನನ್ನ ಪಾಲಿಗೆ ಕೈ ಚಾಚುತ್ತಿದ್ದವನು ನೀನು. ಇನ್ಯಾರ ಮೇಲೆ ಗುಮಾನಿ ಪಡಲಿ. ನಿನ್ನ ಏಪ್ರನ್ನಿನ ಜೇಬು ತಡಕಿದೆ, ಜಿಡ್ಡು ಕಾಗದ ಸಿಕ್ಕಿತು. ಅದನ್ನು ನಿನ್ನ ಮುಖಕ್ಕೆ ಹಿಡಿದೆ. ಏನಂದೆ ಎಂದು ಇಲ್ಲಿ ಬರೆಯುವುದಿಲ್ಲ, ಇಬ್ಬರಿಗೂ ನೆನಪಿದೆ. ನೀನು ಒಂದೇ ಸಲ "ನಾನು ಕೊಟ್ಟಿಲ್ಲ ಅಣ್ಣ" ಅಂದೆ. ಎರಡನೇ ಸಲ ಹೇಳಲಿಲ್ಲ. ಎರಡನೇ ಸಲ ಹೇಳದವನೇ ಸುಳ್ಳುಗಾರ ಎಂದು ಆಗ ನನಗೆ ಅನ್ನಿಸಿತು ನೋಡು, ನನ್ನ ಬುದ್ಧಿ ಅಷ್ಟು.

ನೀನು ಹೋದ ಮೇಲೆ ಪರೀಕ್ಷೆಯನ್ನು ಹೊಸದಾಗಿ ಶುರು ಮಾಡಿದೆ. ಈಗ ಕೊಡುವವರು ಯಾರೂ ಇಲ್ಲ, ಗುಣವಾಗಲೇಬೇಕು, ಆಗ ತಂಗಿಗೆ ಫೋನ್ ಮಾಡಿ ಹೇಳುತ್ತೇನೆ ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ. ಕಿಟಕಿಗಳಿಗೆ ಜಾಲರಿ ಹೊಡೆದೆ. ಕಸದ ಡಬ್ಬಿಗೆ ಕಲ್ಲು ಹೇರಿದೆ. ಎರಡು ವಾರ, ಮೂರು ವಾರ, ನಾಲ್ಕು ವಾರ. ಮಖಮಲ್ಲಿ ಕಾಲು ಮೇಲೆತ್ತಿ ಹೊಟ್ಟೆಯನ್ನು ನೆಕ್ಕುತ್ತಲೇ ಇತ್ತು, ಒಳತೊಡೆಯಲ್ಲಿ ರಕ್ತ ಜಿನುಗಿತು. ನಾನು ಮನೆಯೊಳಗೆ ಸುತ್ತಿದೆ. ಕೂರಲಾಗಲಿಲ್ಲ, ಕೆಲಸಕ್ಕೆ ಕೈ ಹೋಗಲಿಲ್ಲ. ಗಡಿಯಾರದವನು ಗೋಡೆಯ ಸಂದಿಯಿಂದ ಏನಾದರೂ ತೂರಿಸುತ್ತಿದ್ದಾನೆ ಎಂದು ಹೋಗಿ ಅವನ ಮೇಲೂ ಎಗರಾಡಿದೆ. ಅವನು ಕಣ್ಣಿನ ಭೂತಗನ್ನಡಿ ತೆಗೆಯದೆಯೇ, "ಯಜಮಾನರೇ, ನಿಮ್ಮ ಬೆಕ್ಕಿಗೆ ನಾನು ಏನೂ ಕೊಟ್ಟಿಲ್ಲ. ನಿಮ್ಮ ತಮ್ಮನಿಗೆ ಕೊಟ್ಟಿದ್ದೀನಿ, ದಿನಾ ನಾಲ್ಕು ಗಂಟೆಗೆ ಅರ್ಧ ಬೆಣ್ಣೆ ಬನ್ನು. ನಿಮಗೆ ಹೆದರಿ ಕಾಗದ ಜೇಬಲ್ಲೇ ಇಟ್ಕೊಳ್ತಿದ್ರು" ಅಂದ. ನಾನು ವಾಪಸು ಬಂದೆ. ಆ ಸಂಜೆ ಅಂಗಡಿಯ ಬಾಗಿಲು ತೆರೆಯಲಿಲ್ಲ.

ಆದರೂ ಬೆಕ್ಕಿಗೆ ಏನೋ ಹೋಗುತ್ತಿತ್ತಲ್ಲ. ಮತ್ತೆ ಡಾಕ್ಟರಮ್ಮನ ಹತ್ತಿರ ಹೋದೆ. ಬಾಯಿಗೆ ಹೋಗುವುದನ್ನೆಲ್ಲ ಗಂಟೆ ಸಮೇತ ಒಂದು ವಾರ ಬರೆದು ತರಲು ಹೇಳಿದಳು. ಬರೆದೆ. ಬೆಳಿಗ್ಗೆ ಏಳು, ಥೈರಾಯ್ಡ್ ಮಾತ್ರೆ. ಏಳೂವರೆ, ಮೊಲ. ಮಧ್ಯಾಹ್ನ, ನೀರು. ಸಂಜೆ ಏಳು, ಮಾತ್ರೆ. ಹೀಗೆ ಏಳು ದಿನ, ಒಂದೇ ಥರ. ಅವಳು ಮೊದಲ ಸಾಲಿನ ಮೇಲೆ ಬೆರಳಿಟ್ಟು "ಮಾತ್ರೆ ಹೇಗೆ ಕೊಡ್ತೀರಿ" ಅಂತ ಕೇಳಿದಳು. ಬಾಯಿಗೆ, ಅಂದೆ. "ಬರೀ ಮಾತ್ರೆನಾ" ಅಂದಳು. ನನಗೆ ರೇಗಿತು. ಬರೀ ಮಾತ್ರೆಯನ್ನು ಯಾವ ಬೆಕ್ಕು ನುಂಗುತ್ತದೆ, ಬೇಕಾದರೆ ನೀವೇ ನುಂಗಿ ತೋರಿಸಿ, ಬೇಯಿಸಿದ ಕೋಳಿ ಚೂರಿನೊಳಗೆ ಇಟ್ಟು ಕೊಡುತ್ತೇನೆ, ಎರಡು ವರ್ಷದಿಂದ ಕೊಡುತ್ತಿದ್ದೇನೆ, ಒಂದು ಹೊತ್ತು ತಪ್ಪಿಸಿಲ್ಲ, ಅಂದೆ.

ಅವಳು ಪೆನ್ನು ಕೆಳಗಿಟ್ಟಳು. ಬೈಯಲಿಲ್ಲ. "ಇದನ್ನು ನಾನೇ ಮೊದಲ ದಿನ ಕೇಳಬೇಕಿತ್ತು" ಅಂದಳು. ನನಗೆ ಆಗಲೂ ತಿಳಿಯಲಿಲ್ಲ. ಅದು ಔಷಧಿ, ಊಟ ಅಲ್ಲವಲ್ಲ ಎಂದು ವಾದಿಸಿದೆ. "ಹೊಟ್ಟೆಗೆ ಆ ವ್ಯತ್ಯಾಸ ಗೊತ್ತಾಗಲ್ಲ" ಅಂದಳು. ತಮ್ಮಾ, ಮಖಮಲ್ಲಿ ಮಾತ್ರೆಗೆ ಬಾಯಿ ತೆರೆಯುವುದು ನನ್ನ ಕೈಗೆ ಮಾತ್ರ, ನೀನು ಕೊಡಲು ಹೋದರೆ ಕಚ್ಚುತ್ತದೆ ಎಂದು ಎಷ್ಟು ಜನರ ಮುಂದೆ ಜಂಬ ಕೊಚ್ಚಿಕೊಂಡಿದ್ದೇನೆ. ಒಂದು ಕೈಯಲ್ಲಿ ನಿನ್ನ ಜೇಬು ತಡಕುತ್ತಿದ್ದೆ, ಇನ್ನೊಂದು ಕೈಯಲ್ಲಿ ನಾನೇ ಹೊತ್ತಿಗೊಂದು ಚೂರು ಕೋಳಿ ಕೊಡುತ್ತಿದ್ದೆ. ಮೊಲದ ಮಾಂಸದ ಡಬ್ಬಿಗಳನ್ನು ಹೊತ್ತುಕೊಂಡು ಮನೆಗೆ ಬರುವಾಗ ದಾರಿಯಲ್ಲಿ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮೊಣಕಾಲು ನೋವಿಗೆ ಅಂತ ಅಂಗಡಿಯವನಿಗೆ ಹೇಳಿದೆ.

ಅವತ್ತೇ ಬರೆಯಬೇಕಿತ್ತು. ಬರೆಯಲಿಲ್ಲ. ಮೊದಲು ಕೂದಲು ಬರಲಿ, ಆಮೇಲೆ ಬರೆದರಾಯಿತು ಎಂದು ಎರಡು ತಿಂಗಳು ತಳ್ಳಿದೆ. ಮಾತ್ರೆಯನ್ನು ಅದೇ ಮೊಲದ ಮಾಂಸದ ಉಂಡೆಯಲ್ಲಿಟ್ಟು ಕೊಡುತ್ತಿದ್ದೇನೆ. ಮೊದಲ ಮೂರು ದಿನ ಉಗಿಯಿತು, ನನ್ನ ಹೆಬ್ಬೆರಳಿಗೆ ಹಲ್ಲು ಊರಿತು. ಸರಿಯಾಗಿ ಊರು ಅಂದೆ. ಐದನೇ ವಾರ ಹಕ್ಕಳೆ ಕಳಚಿದವು. ಏಳನೇ ವಾರ ಹೊಟ್ಟೆಯ ಮೇಲೆ ಬೂದು ಬಣ್ಣದ ಚಿಗುರು, ಪೀಚ್ ಹಣ್ಣಿನ ಸಿಪ್ಪೆಯ ಹಾಗೆ. ಈಗ ಒಂಬತ್ತನೇ ವಾರ. ಬೆರಳಾಡಿಸಿದರೆ ಬೆರಳಿಗೆ ಸಿಗುತ್ತದೆ. ದಿನಕ್ಕೆ ಹತ್ತು ಸಲ ಬೆರಳಾಡಿಸಿ ನೋಡುತ್ತೇನೆ, ಅದಕ್ಕೂ ಬೇಜಾರಾಗಿ ಎದ್ದು ಹೋಗುತ್ತದೆ. ಈಗ ನೆಕ್ಕುವುದು ಊಟವಾದ ಮೇಲೆ ಮೂತಿ, ಮುಂಗಾಲು, ಅಷ್ಟೇ. ಬಾಕಿ ಹೊತ್ತು ನಿನ್ನ ಹೊಲಿಗೆ ಯಂತ್ರದ ಮೇಜಿನ ಮೇಲೆ ಮಲಗುತ್ತದೆ. ಮುಂಚೆ ಅಲ್ಲಿಗೆ ಹೋಗುತ್ತಿರಲಿಲ್ಲ. ಓಡಿಸಿ ನೋಡಿದೆ, ಮತ್ತೆ ಬರುತ್ತದೆ. ಬಿಟ್ಟಿದ್ದೇನೆ.

ನೀನು ಬೆಣ್ಣೆ ಬನ್ನು ತಿನ್ನುವ ವಿಷಯ. ತಿನ್ನಬಾರದು, ನಿನ್ನ ಸಕ್ಕರೆಗೆ ಅದು ವಿಷ. ತಿನ್ನಲೇಬೇಕು ಅನ್ನಿಸಿದರೆ ಮನೆಯಲ್ಲಿ, ನನ್ನ ಮುಂದೆ ತಿನ್ನು. ನಾನು ಬೈಯುತ್ತೇನೆ, ನೀನು ತಿನ್ನು. ಬೇರೆಯವರ ಗೋಡೆಯ ಹಿಂದೆ ಕದ್ದು ತಿನ್ನುವಷ್ಟು ನಾನು ಕೂಗುತ್ತೇನೆ ಅಂದರೆ ಡಾಕ್ಟರಮ್ಮನಿಗೆ ನಾನು ಹೇಳಿದ್ದೂ ಸುಳ್ಳಾಯಿತು.

ತಂಗಿಗೆ, ಅವಳ ಗಂಡನಿಗೆ ಕೇಳಿದೆ ಎಂದು ಹೇಳು. ಮಕ್ಕಳಿಗೆ ದೊಡ್ಡಮಾವನ ಆಶೀರ್ವಾದ, ಚೆನ್ನಾಗಿ ಓದಲಿ, ನನ್ನ ಹಾಗೆ ಅರ್ಧಕ್ಕೆ ಬಿಡುವುದು ಬೇಡ. ಗಾಯವನ್ನು ಒದ್ದೆ ಮಾಡಿಕೊಳ್ಳಬೇಡ. ನಿನಗೂ ಒಳ್ಳೆಯದಾಗಲಿ.

ಇಂತಿ,
ನಿನ್ನ ಅಣ್ಣ

ಮರೆತಿದ್ದೆ: ಕಾಗದ ಮಡಚಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಡಾಕ್ಟರಮ್ಮ ನಿನ್ನೆ ಇನ್ನೊಂದು ಹೇಳಿದಳು. ಪೂರ್ತಿ ಖಾತ್ರಿಯಾಗಬೇಕಾದರೆ ಕೋಳಿಯನ್ನು ಮತ್ತೆ ಕೆಲವು ದಿನ ಕೊಟ್ಟು ನೋಡಬೇಕಂತೆ. ತುರಿಕೆ ವಾಪಸು ಬಂದರೆ ಕಾರಣ ಅದೇ, ಬರದಿದ್ದರೆ ಬೇರೇನೋ. ಬೇಡ ಅಂದೆ. "ಹಾಗಾದರೆ ನಿಮ್ಮ ತಮ್ಮ ಏನೂ ಕೊಟ್ಟಿರಲಿಲ್ಲ ಅಂತ ನಿಮಗೆ ಹೇಗೆ ಖಾತ್ರಿ" ಅಂದಳು, ಅವಳಿಗೆ ನಾನು ಎಲ್ಲ ಹೇಳಿಕೊಂಡಿದ್ದೆ. ಅವನು ಕೊಟ್ಟಿಲ್ಲ ಅಂತ ಅವನೇ ಹೇಳಿದ್ದಾನಲ್ಲ, ಅದಕ್ಕೆ ಇನ್ಯಾವ ಪರೀಕ್ಷೆ ಬೇಕು, ಅಂದೆ. ಇದನ್ನು ಮೂರು ತಿಂಗಳ ಹಿಂದೆ ಹೇಳಬೇಕಿತ್ತು, ಅದೂ ನಿನ್ನ ಹತ್ತಿರ. ತಪ್ಪು ನನ್ನದು. ಭಾನುವಾರ ಹನ್ನೊಂದು ಗಂಟೆಯ ಬಸ್ಸಿಗೆ ಇಲ್ಲಿನ ನಿಲ್ದಾಣಕ್ಕೆ ಬಂದು ನಿಂತಿರುತ್ತೇನೆ. ಮಾತಾಡಲು ಮನಸ್ಸಿಲ್ಲದಿದ್ದರೆ ಮಾತಾಡಬೇಡ. ಚೀಲ ನನ್ನ ಕೈಗೆ ಕೊಡು, ಸಾಕು.