ಸಮುದ್ರದಿಂದ ದಡಕ್ಕೆ ಬಂದ ಸುಂಟರಗಾಳಿ

ಪೆರಂಬೂರು, ಚೆನ್ನೈ
ಭಾನುವಾರ ಸಂಜೆ

ಅಕ್ಕಾ, ನಾವೆಲ್ಲ ಬದುಕಿದ್ದೇವೆ, ಮೊದಲು ಅದು ತಿಳಿದಿರಲಿ. ಫೋನಿನಲ್ಲಿ ಹೇಳಹೋದರೆ ಅಳು ಬರುತ್ತದೆ, ಅದಕ್ಕೇ ಈ ಕಾರ್ಡು.

ಈ ಊರಿಗೆ ಬಂದ ಮೇಲೆ ಮೊದಲ ಸಲ ಸಮುದ್ರ ನೋಡಲೆಂದು ಬೆಳಿಗ್ಗೆ ಮಾವನವರನ್ನೂ ನಾದಿನಿ ಮಧುರಾಳನ್ನೂ ಕರೆದುಕೊಂಡು ಹೋಗಿದ್ದೆವು. ನೋಡುತ್ತಿದ್ದಂತೆ ಕಪ್ಪು ಮೋಡದಿಂದ ಬಾವಿಗೆ ಬಿಟ್ಟ ಹಗ್ಗದಂಥದ್ದೊಂದು ತಿರುಗುತ್ತಾ ನೀರಿಗೆ ಇಳಿಯಿತು. ಸುಂಟರಗಾಳಿ! ಅದೆಲ್ಲ ಅಮೆರಿಕದಲ್ಲಷ್ಟೇ ಅಂದುಕೊಂಡಿದ್ದೆ.

"ಹೆದರ್ಬೇಡ, ಅದು ನಿಂತಲ್ಲೇ ನಿಂತಿದೆ," ಎಂದು ನಮ್ಮವರು ಫೋಟೋ ತೆಗೆಯತೊಡಗಿದರು.

ಮಧುರಾ ದಿಟ್ಟಿಸಿ ನೋಡಿ ಕಿರುಚಿದಳು: "ಅಣ್ಣಾ, ಅದು ಆ ಕಡೆ ಈ ಕಡೆ ಹೋಗ್ತಿಲ್ಲ, ದಪ್ಪ ಆಗ್ತಾ ಇದೆ! ಅಂದ್ರೆ ನೇರ ನಮ್ ಕಡೆನೇ ಬರ್ತಿದೆ. ಓಡು, ಸೀಕ್ರಂ, ಬೇಗ!"

ಮಾವನವರಿಗೆ ಓಡಲಾಗದು. ಇವರು ಅವರನ್ನು ಬೆನ್ನ ಮೇಲೆ ಹೊತ್ತು ಓಡಿದರು. ರಸ್ತೆಯಾಚೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ತಲೆ ಮುಚ್ಚಿಕೊಂಡು ಕುಳಿತೆವು. ಮೈಮೇಲೆ ರೈಲು ಹೋದಂಥ ಸದ್ದು! ಮರಳಿಗೆ ಬಂದ ಸ್ವಲ್ಪ ಹೊತ್ತಿಗೇ ಸುಂಟರಗಾಳಿ ಕರಗಿಹೋಯಿತು. ಹೊರಗೆ ಬಂದರೆ, ನಾವು ನಿಂತಿದ್ದ ಜಾಗದಲ್ಲಿ ಯಾವುದೋ ಅಂಗಡಿಯ ಚಾವಣಿಯ ತಗಡು ಅರ್ಧ ಮರಳೊಳಗೆ ಹೂತು ನಿಂತಿತ್ತು, ಅಕ್ಕಾ.

ನನ್ನ ಮೊಣಕಾಲು ತರಚಿದೆ, ಟಿಟಿ ಚುಚ್ಚಿಸಿಕೊಂಡೆ. ಇವರಿಗೆ ಸೊಂಟ ಹಿಡಿದುಕೊಂಡಿದೆ. ಮಾವನವರು ಮನೆಗೆ ಬಂದವರೇ ಒಳಗೆ ಹೋಗಿ ಮಲಗಿಬಿಟ್ಟಿದ್ದರು. ಇದೀಗ ಒಳಗಿನಿಂದ, "ವಿನೋದಾ, ಒಂಚೂರು ಕಾಫಿ ಸಿಗುತ್ತೇನಮ್ಮಾ?" ಅಂದರು. ಎದ್ದೆ.

ನಿನ್ನ
ವಿನೋದಾ