ನೀರಿಗೆ ತಾಗದ ಗಾಡಿ

ಕಾಪು
ಸೋಮವಾರ, 1-12-2025

ಪ್ರೀತಿಯ ಮಗಳು ಮೋಕ್ಷಾಳಿಗೆ ಅಮ್ಮನ ಆಶೀರ್ವಾದ.

ಇವತ್ತು ಏಕಾದಶಿ, ನನ್ನದು ಬರೀ ನೀರು. ಬೆಳಗ್ಗೆ ಮಲ್ಲಿಗೆ ಕೊಯ್ದು, ಕಟ್ಟಿ, ಹೂವಿನವರ ರಿಕ್ಷಾಕ್ಕೆ ಕೊಟ್ಟು, ದೇವರಿಗೆ ದೀಪ ಇಟ್ಟು ಬರೆಯಲು ಕುಳಿತೆ. ಚಳಿಗೆ ಮೊಗ್ಗು ಕಡಿಮೆ. ಬರೆಯುವುದು ತಡವಾಯಿತು, ಬೇಸರಿಸಬೇಡ. ಎರಡು ಸಲ ಬರೆದು ಹರಿದೆ. ನೀನಿರುವ ಊರು ಯಾವುದೆಂದು ನನಗೆ ಗೊತ್ತಿಲ್ಲ. ನಿನ್ನ ಜೊತೆ ಕೆಲಸ ಮಾಡುವ ಮಣಿಪಾಲದ ತನ್ವಿ ರಜೆ ಮುಗಿಸಿ ಹೊರಟಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ.

ಚೌತಿಗೆ ಬಂದಾಗ ನೀನು ಜಗಲಿಯಲ್ಲಿ ಪೇಪರಿನ ಹಾಳೆ ಬಿಟ್ಟು ತೋರಿಸಿದೆ. ಅದು ನೆಲ ಮುಟ್ಟುವ ಮೊದಲು ಸುಯ್ಯೆಂದು ಜಾರಿತು. "ನೋಡಮ್ಮ, ನೆಲ ಹತ್ತಿರ ಇರುವುದರಿಂದಲೇ ಗಾಳಿ ಹೊರುತ್ತದೆ. ನಮ್ಮ ಗಾಡಿಗೆ ರೆಕ್ಕೆ ಉಂಟು, ವಿಮಾನ ಅಲ್ಲ. ನೀರಿನ ಮೇಲೆ ಹೀಗೇ ಜಾರುತ್ತದೆ, ನೀರಿಗೆ ತಾಗುವುದಿಲ್ಲ, ದೋಣಿಯೂ ಅಲ್ಲ. ಸೈನಿಕರನ್ನು ಜೀಪು ಸಮೇತ ತಂದು ಮರಳಿನ ಮೇಲೆ ಇಳಿಸುತ್ತದೆ," ಎಂದೆ.

"ಅಲೆ ಎದ್ದರೆ?"

"ಅದನ್ನೇ ನೋಡಬೇಕು. ಬರುವ ಗುರುವಾರ ನಮ್ಮ ಕಡಲಲ್ಲೇ ಪರೀಕ್ಷೆ, ಯಾರಿಗೂ ಹೇಳಬೇಡ. ಮೊದಲ ಸಲ ನಾನೂ ಕುಳಿತುಕೊಳ್ಳುತ್ತೇನೆ."

ನಿನ್ನ ಅಪ್ಪನ ದೋಣಿ ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಮಗುಚಿದ ಮೇಲೆ ಅಲೆಯೆಂದರೆ ನನಗೆ ಹೆದರಿಕೆ. ಸುಮ್ಮನೆ ಹೇಗೆ ಇರಲಿ? ದೇವಸ್ಥಾನಕ್ಕೆ ಪೂಜೆ ಮಾಡಿಸಲು ಹೋದೆ. ಸಂಕಲ್ಪಕ್ಕೆ ಕಾರಣ ಹೇಳಬೇಕಲ್ಲ. ಭಟ್ಟರು ಕೇಳಿದರು, "ವಾಹನಕ್ಕಾ? ನೀರಿನದ್ದಾ, ಆಕಾಶದ್ದಾ?"

"ಎರಡರ ನಡುವಿನದ್ದು."

"ಅದೆಂತ ಮಾರಾಯ್ತಿ! ದೇವರಿಗೆ ಸರಿಯಾಗಿ ಹೇಳಬೇಕು."

ದೇವರೆದುರು ಮುಚ್ಚಿಡಬಾರದೆಂದು ಎಲ್ಲ ಹೇಳಿದೆ: ಮಿಲಿಟರಿಯವರ ಗಾಡಿ, ಗುರುವಾರ, ನಮ್ಮದೇ ಕಡಲು. ಹಿಂದೆ ಬೋಟಿನ ಸುಕೇಶ್ ಹಣ್ಣುಕಾಯಿ ಹಿಡಿದು ನಿಂತಿದ್ದ. "ಕುಶಲಕ್ಕಾ, ಟಿಕೆಟ್ ಎಷ್ಟು?" ಎಂದು ನಕ್ಕ. ಸಂಜೆಯೊಳಗೆ ಎಲ್ಲರ ಮೊಬೈಲಿನಲ್ಲೂ ಅದೇ ಸುದ್ದಿ. ಗುರುವಾರ ನೋಡಲು ಬಂದ ದೋಣಿಗಳೇ ಕಡಲ ತುಂಬ. ಪರೀಕ್ಷೆ ನಿಂತಿತು, ನಿನ್ನನ್ನು ಮೇಲಿನವರು ಕರೆಸಿ ವಿಚಾರಿಸಿದರು. "ಇನ್ನು ನಿನಗೆ ಎಂತದ್ದೂ ಹೇಳುವುದಿಲ್ಲ," ಎಂದು ನೀನು ಫೋನಿಟ್ಟೆ.

ನೀನು ಹೇಳಿದ್ದು ಸರಿಯೇ. ಈಗ ಊಟ ಆಯಿತಾ ಎಂದು ಕೇಳಿ ಫೋನು ಇಟ್ಟುಬಿಡುತ್ತೀ. ಆಮೇಲೆ ಹೂ ಕಟ್ಟುವಾಗ ರೇಡಿಯೋ ಹಾಕುತ್ತೇನೆ. ಅದು ಮಾತಾಡುತ್ತದೆ, ನನ್ನನ್ನು ಏನೂ ಕೇಳುವುದಿಲ್ಲ.

ದೇವರು ನಿನ್ನನ್ನು ನೀರಿನ ಮೇಲೂ ನೆಲದ ಮೇಲೂ ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ,
ಕುಶಲಾ

ತಾ.ಕ.: ನಿನ್ನೆ ತನ್ವಿ ಗುಟ್ಟಾಗಿ ಹೇಳಿದಳು, ಗಾಡಿ ಬೇರೆ ಕಡಲಲ್ಲಿ ಓಡಿತಂತೆ, ನೀನೂ ಒಳಗಿದ್ದೆಯಂತೆ. ಕೈ ಮುಗಿದೆ. "ಹೆದರಬೇಡಿ ಆಂಟಿ, ಏನಾದರೂ ಆದರೆ ಆಫೀಸಿನವರ ಫೋನು ಮೊದಲು ನನಗೇ ಬರುವುದು. ಮೋಕ್ಷಾ ನಿಮ್ಮ ನಂಬರ್ ತೆಗೆಸಿ ನನ್ನದು ಕೊಟ್ಟಿದ್ದಾಳೆ," ಎಂದಳು. ಧೈರ್ಯ ಹೇಳಲೆಂದೇ ಹೇಳಿದ್ದು, ಪಾಪ.

ಮಗಾ, ಗಾಡಿಯ ಸುದ್ದಿ ನನಗೆ ಬೇಡ. ಎಲ್ಲಿ, ಯಾವಾಗ, ಒಂದೂ ಕೇಳುವುದಿಲ್ಲ. ಆ ಫೋನು ಮಾತ್ರ ನನಗೇ ಬರಲಿ. ನಿನ್ನ ಅಪ್ಪ ಹೋದದ್ದು ಊರಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾದದ್ದು. ನಾನು ಮೀನಿಗೆ ಮಸಾಲೆ ಅರೆಯುತ್ತಾ ಇದ್ದೆ. ಆಗುತ್ತದೋ ಇಲ್ಲವೋ, ಒಂದು ಸಾಲು ಬರೆದು ಕೊಡು. ತನ್ವಿ ಮುಂದಿನ ಸಲ ಬರುವಾಗ ತರಲಿ, ನೆನಪಿಸು ಅವಳಿಗೆ.