ಖಡು ಬೆರೆಸದ ಕಾಕಾನಿಗೆ

ಬಿಳಿ ಬಣ್ಣದ ಹುಚ್ಚಿದ್ದ ನನ್ನ ಕಾಕಾ,

ಸನವಳ್ಳಿಯಿಂದ ಶಾಲೆ ಕಲಿಯಲು ದಾಂಡೇಲಿಗೆ, ನಿನ್ನ ಮನೆಗೆ ಬಂದಾಗ ನಾನು ಮೊದಲು ನೋಡಿದ್ದು ನೀನು ಬಣ್ಣ ಕಲಸುವುದನ್ನು. ಪೇಟೆಯಲ್ಲಿ ಸಿಗುವುದರಲ್ಲಿ ಎಲ್ಲಕ್ಕಿಂತ ಬೆಳ್ಳಗಿನ ಪುಡಿಯನ್ನೇ ಆರಿಸಿ ತಂದು, ಅಗಸೆ ಎಣ್ಣೆಯಲ್ಲಿ ಅರೆದು, ಕಾಕೂನ ಹಳೆ ಸೀರೆಯಲ್ಲಿ ಎರಡು ಸಲ ಸೋಸಿದ ಮೇಲೆಯೇ ಕುಂಚ ಮುಟ್ಟುತ್ತಿದ್ದೆ. ಫ್ಲೆಕ್ಸ್ ಇನ್ನೂ ಬಂದಿರಲಿಲ್ಲ. ಹಳಿಯಾಳದಿಂದ ನಮ್ಮ ಕಾಡಿನ ಕಡೆಯ ರಾಮನಗರದವರೆಗೆ ಅಂಗಡಿಯ ಬೋರ್ಡೆಂದರೆ ನೀನೇ ಬರೆಯಬೇಕು. ಗೆರೆ ಎಳೆಯದೆ ಬರೆದರೂ ಒಂದಕ್ಷರ ಸಾಲು ತಪ್ಪುತ್ತಿರಲಿಲ್ಲ. ಅಂಥ ಕೈ ನಾನು ಮತ್ತೆಲ್ಲೂ ಕಂಡಿಲ್ಲ.

ರಾಮನಗರದ ಆ ಮಧ್ಯಾಹ್ನವನ್ನು ಹೇಗೆ ಮರೆಯಲಿ? ನಾನಾಗ ಒಂಬತ್ತನೆಯ ಇಯತ್ತೆ, ನಿನ್ನ ಜೊತೆ ಬಂದಿದ್ದೆ. ನೀನು ಎರಡು ವರ್ಷದ ಹಿಂದೆ ಬರೆದ ಬೋರ್ಡಿಗೆ ಕಿರಾಣಿ ಸಾಹುಕಾರರು ಅಂಗೈ ಉಜ್ಜಿ, ಬೆಳ್ಳಗಾದ ಕೈಯನ್ನು ಗಿರಾಕಿಗಳೆದುರು ಎತ್ತಿ ಹಿಡಿದರು.

"ಬಣ್ಣದಾಗ ಖಡು ಕಲಸೀರಿ. ಹೌದಿಲ್ರಿ, ಪೇಂಟರ?"

ಅಗ್ಗದ ಸೀಮೆಸುಣ್ಣದ ಪುಡಿ ಬೆರೆಸಿದವನೆಂದು ಅನ್ನಿಸಿಕೊಂಡರೂ ನೀನು ಜಗಳಾಡಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನನಗಷ್ಟೇ ಕೇಳುವಂತೆ ಅಂದೆ: "ನಾ ಖಡು ಹಾಕಿಲ್ಲವ್ವಾ. ಬಿಸಿಲಿಗೆ ಬಿಳಿ ತಾನ ಉದುರತೈತಿ. ಯಾಕಂತ ನನಗ ತಿಳೀವಲ್ದು." ಆಮೇಲೆ ಬಿಸಿಲಿಗೆ ನಿಲ್ಲುವ ಬೋರ್ಡನ್ನು ನೀನು ಬರೆಯಲೇ ಇಲ್ಲ. ಶಾಲೆಯ ಕೋಣೆಗಳ ನಂಬರು, ಯಾರದೋ ದೇವರಮನೆಯ ಬಾಗಿಲು... ಅಂಥ ಕೈಗೆ ಅಷ್ಟೇ ಕೆಲಸ!

ಧಾರವಾಡದಲ್ಲಿ ಸಂಶೋಧನೆಗೆ ಸೇರಿದ ಮೊದಲ ವಾರ ಮೇಡಂ ನನ್ನ ಕೈಗಿಟ್ಟ ಬಾಟಲಿಯಲ್ಲಿ ಏನಿತ್ತು ಗೊತ್ತೇ? ನಿನ್ನದೇ ಪುಡಿ, ಟೈಟಾನಿಯಂ ಡೈಆಕ್ಸೈಡ್. ಬಿಸಿಲು ಬಿದ್ದರೆ ಅದು ತನಗಂಟಿದ ಎಣ್ಣೆ, ಬಣ್ಣ, ಕೊಳೆಯನ್ನೆಲ್ಲ ಒಡೆದುಹಾಕುತ್ತದೆ, ಹೊರಗೆ ಬಳಿದ ಬಿಳಿ ಬಣ್ಣ ಪುಡಿಯಾಗಿ ಕೈಗೆ ಹತ್ತುವುದೂ ಅದಕ್ಕೇ ಎಂದು ಅವರು ಪಾಠದ ನಡುವೆ ಹೇಳಿದರು. ಅದರಲ್ಲೂ ನೀನು ತರುತ್ತಿದ್ದ ಜಾತಿಯದು ಇನ್ನೂ ಜೋರಂತೆ. ಬೆಳ್ಳಗಿರಲಿ ಎಂದು ಆರಿಸಿದ್ದೇ ನಿನಗೆ ಮುಳುವಾಯಿತಲ್ಲ, ಕಾಕಾ! ಹೊರಗೆ ಹೋಗಿ ಅತ್ತುಬಿಟ್ಟೆ. ನೀನು ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.

ನಾನು ಕುಲುಮೆಯಿಂದ ಮೊದಲ ಸಲ ಪುಡಿ ತೆಗೆದದ್ದನ್ನು ನೋಡಿದ್ದರೆ ನೀನು ಹಣೆ ಚಚ್ಚಿಕೊಳ್ಳುತ್ತಿದ್ದೆ. ನಿನ್ನ ಆ ಬಿಳಿ ಪುಡಿಗೇ ಸಕ್ಕರೆ ನೀರು ಬೆರೆಸಿ, ಒಣಗಿಸಿ ಸುಡುತ್ತೇನೆ. ಸಕ್ಕರೆಯ ಇಂಗಾಲ ಪುಡಿಗೆ ಹತ್ತಿ, ಬಿಳಿ ಹೋಗಿ ಹಾಲು ಹೆಚ್ಚಾದ ಚಹಾದ ಬಣ್ಣ ಬರುತ್ತದೆ. ಬರಿಯ ಪುಡಿಗೆ ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅಲ್ಪಭಾಗವಷ್ಟೇ ದಕ್ಕುತ್ತದೆ, ಇದಕ್ಕೆ ಕಣ್ಣಿಗೆ ಕಾಣುವ ಬೆಳಕೂ ಸಾಕು. ನೂಲಿಗೆ ಬಣ್ಣ ಹಾಕಿ ಉಳಿದ ನೀರಿಗೆ ಚಿಟಿಕೆ ಹಾಕಿ ಕಿಟಕಿಯಲ್ಲಿಟ್ಟರೆ ಸಂಜೆಯೊಳಗೆ ತಿಳಿಯಾಗುತ್ತದೆ. ಇಂಥದೇ ಪುಡಿಯಿಂದ ನೀರನ್ನೇ ಒಡೆದು ಉರಿಯುವ ಅನಿಲ ತೆಗೆಯಲು ಪಕ್ಕದ ಮೇಜಿನವಳು ಹೆಣಗುತ್ತಿದ್ದಾಳೆ.

ಕಳೆದ ಭಾನುವಾರ ರಾಮನಗರಕ್ಕೆ ಹೋಗಿದ್ದೆ. ನಿನ್ನಂತೆಯೇ ಬಣ್ಣ ಕಲಸಿ ಎರಡು ತಗಡಿಗೆ ಬಳಿದು, ಒಂದನ್ನು ಎರಡು ವರ್ಷ ಮಾಳಿಗೆಯ ಬಿಸಿಲಲ್ಲಿ, ಇನ್ನೊಂದನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಎರಡನ್ನೂ ಸಾಹುಕಾರರ ಮುಂದಿಟ್ಟು ಎಲ್ಲವನ್ನೂ ಬಿಡಿಸಿ ಹೇಳಿದೆ. ಮುದುಕರು ಎರಡನ್ನೂ ಉಜ್ಜಿ ನೋಡಿ, ಬಿಸಿಲಿನ ತಗಡಿನಿಂದಷ್ಟೇ ಬೆಳ್ಳಗಾದ ಅಂಗೈಯನ್ನು ಪಂಚೆಗೆ ಒರೆಸಿಕೊಂಡರು.

"ತಪ್ಪು ನಂದೈತಿ, ತಂಗಿ. ಅವರಿದ್ದಾಗ ಈ ಮಾತು ನಾ ಹೇಳಬೇಕಿತ್ತು."

ನನ್ನದೂ ಒಂದು ತಪ್ಪಿದೆ, ಕಾಕಾ. ಸಾಹುಕಾರರು ಕೈ ಎತ್ತಿ ತೋರಿಸಿದ ಆ ದಿನ ಮನೆಗೆ ಬಂದು ನೀನು ಕೈಕಾಲು ತೊಳೆಯಲು ಹೋದಾಗ, ನಿನ್ನ ಪುಡಿಗೆ ಲಿಂಬೆಹಣ್ಣು ಹಿಂಡಿ ನೋಡಿದೆ. ಖಡುವಾದರೆ ನೊರೆ ಬರುತ್ತದೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ನೊರೆ ಬರಲಿಲ್ಲ. ನೀನು ಸುಳ್ಳಾಡಿಲ್ಲವೆಂದು ಅವತ್ತೇ ನನಗೆ ಗೊತ್ತಾಯಿತು. ಅದನ್ನು ಹೇಳಿದ್ದರೆ, ನಾನೂ ನಿನ್ನ ಮೇಲೆ ಅನುಮಾನಪಟ್ಟಿದ್ದೆನೆಂದು ನಿನಗೆ ತಿಳಿಯುತ್ತಿತ್ತು. ನೀನು ಹೋಗುವವರೆಗೂ ಬಾಯಿ ಬಿಡಲಿಲ್ಲ.

ನಿನ್ನ ಅಣ್ಣನ ಮಗಳು,
ಸುಮಿತ್ರಾ